ಹಲ್ಲುಜ್ಜುವ ಬ್ರಷ್ಷನ್ನು ತೊಳೆಯುವವರು ಯಾರು?

ಮಕ್ಕಳೇ, ಇಂದು ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ನಿಮ್ಮ ಬ್ರಷ್ಷನ್ನು ಎಲ್ಲಿ ಇಟ್ಟು ಬಂದಿರಿ? ಬಚ್ಚಲುಮನೆಯ ಗೂಡಿನಲ್ಲೇ? ಮನೆಯವರೆಲ್ಲರ ಬ್ರಷ್ಷುಗಳನ್ನು ತುಂಬಿಟ್ಟಿರುವ ಒಂದೇ ಲೋಟದಲ್ಲೇ? ಅಥವಾ ಪ್ಲಾಸ್ಟಿಕ್ ಮುಚ್ಚಳ ಹಾಕಿ ಪೆಟ್ಟಿಗೆಯೊಳಗೇ? ಹಲ್ಲು ಬೆಳ್ಳಗಾಯಿತೇ ಎಂದು ಕನ್ನಡಿ ನೋಡಿಕೊಳ್ಳುತ್ತೇವೆ. ಆದರೆ ಹಲ್ಲನ್ನು ಶುಚಿ ಮಾಡಿದ ಬ್ರಷ್ಷು ತಾನೇ ಶುಚಿಯಾಯಿತೇ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಕೇಳಿದವರಲ್ಲಿ ಬ್ರಷ್ ವಿನ್ಯಾಸಕಾರರೂ ಇದ್ದಾರೆ. ಹಿಡಿಯೊಳಗೆ ಪೇಸ್ಟನ್ನೋ ದ್ರವವನ್ನೋ ತುಂಬಿಟ್ಟು, ಗುಂಡಿ ಒತ್ತಿದರೆ ಅದು ಸಣ್ಣ ಕಾಲುವೆಯ ಮೂಲಕ ಎಳೆಗಳ ನಡುವೆ ಬರುವಂಥ ಬ್ರಷ್ಷುಗಳನ್ನು ಅವರು ರೂಪಿಸಿದ್ದಾರೆ. ಒಳಗಿನಿಂದ ನೀರು ಹರಿಸಿ ಎಳೆಗಳ ಬುಡವನ್ನು ತೊಳೆಯುವ ಯೋಚನೆಯೂ ಇದೆ. ಕೇಳಲು ಬಹಳ ಚೆನ್ನಾಗಿದೆ, ಅಲ್ಲವೇ? ಆದರೆ ಯಾವುದೇ ಹೊಸ ಸಾಧನವನ್ನು ಒಪ್ಪುವ ಮೊದಲು ನಾವು ಎರಡು ಪ್ರಶ್ನೆ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು, ಇದು ಯಾರ ಕಷ್ಟವನ್ನು ನೀಗಿಸುತ್ತದೆ? ಎರಡನೆಯದು, ಇದನ್ನು ಶುಚಿ ಮಾಡುವುದು ಹೇಗೆ?

ಮೊದಲು ನಿಮ್ಮ ಬ್ರಷ್ಷನ್ನೇ ಕೈಗೆತ್ತಿಕೊಂಡು ನೋಡಿ. ಅದರ ತಲೆಯಲ್ಲಿ ಸಾಲು ಸಾಲಾಗಿ ಸಣ್ಣ ಕುಳಿಗಳಿವೆ. ಒಂದೊಂದು ಕುಳಿಯಲ್ಲೂ ಒಂದೊಂದು ಕಟ್ಟು ಎಳೆಗಳಿವೆ. ಸಾಮಾನ್ಯ ಬ್ರಷ್ಷುಗಳಲ್ಲಿ ಎಳೆಗಳನ್ನು ನಡುವೆ ಮಡಚಿ, ಪುಟ್ಟ ಲೋಹದ ತುಣುಕಿನಿಂದ ಕುಳಿಯೊಳಗೆ ಬಿಗಿದಿರುತ್ತಾರೆ. ಒಂದು ಎಳೆಯ ದಪ್ಪ ಸುಮಾರು 0.2 ಮಿಲಿಮೀಟರ್ ಮಾತ್ರ. ಇಷ್ಟು ತೆಳುವಾದ ಎಳೆಗಳು ಒತ್ತೊತ್ತಾಗಿ ನಿಂತಾಗ ಅವುಗಳ ನಡುವಿನ ಸಂದಿಯಲ್ಲಿ ನೀರು ತಾನಾಗಿಯೇ ಸೇರಿಕೊಳ್ಳುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಕಾರಣದಿಂದ. ಇದಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಹೀಗೆ ಸೇರಿದ ನೀರು ಬ್ರಷ್ಷನ್ನು ಕೊಡವಿದರೂ ಪೂರ್ತಿ ಹೋಗುವುದಿಲ್ಲ. ಅಲ್ಲಿ ಬಾಯಿಯ ಸೂಕ್ಷ್ಮಜೀವಿಗಳೂ ಆಹಾರದ ಕಣಗಳೂ ಉಳಿಯುತ್ತವೆ. ತೇವ ಮತ್ತು ಆಹಾರ ಎರಡೂ ಸಿಕ್ಕರೆ ಸೂಕ್ಷ್ಮಜೀವಿಗಳಿಗೆ ಇನ್ನೇನು ಬೇಕು?

ಬ್ರಷ್ಷಿನ ಇತಿಹಾಸವೂ ಇದನ್ನೇ ಹೇಳುತ್ತದೆ. 15ನೇ ಶತಮಾನದ ಚೀನಾದಲ್ಲಿ ಹಂದಿಯ ಬಿರುಗೂದಲನ್ನು ಮೂಳೆ ಅಥವಾ ಬಿದಿರಿನ ಹಿಡಿಗೆ ಕಟ್ಟಿ ಬ್ರಷ್ ಮಾಡುತ್ತಿದ್ದರು. ಕೂದಲು ನೀರು ಹೀರಿಕೊಂಡು ಬೇಗ ಒಣಗುತ್ತಿರಲಿಲ್ಲ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋದರ್ಸ್ ಅವರ ತಂಡ ನೈಲಾನ್ ತಯಾರಿಸಿತು. 1938ರಲ್ಲಿ ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದಿತು. ಅದು ಅಗ್ಗ, ಗಟ್ಟಿ, ಅದಕ್ಕಿಂತ ಮುಖ್ಯವಾಗಿ ಬೇಗ ಒಣಗುವಂಥದ್ದು. ಗುಂಡಿಯಿಲ್ಲ, ಕಾಲುವೆಯಿಲ್ಲ, ವಸ್ತು ಬದಲಾಯಿತು, ಬ್ರಷ್ ಹೆಚ್ಚು ಶುಚಿಯಾಯಿತು. ಒಳ್ಳೆಯ ವಿನ್ಯಾಸ ಎಂದರೆ ಇದು.

ಈಗ ದ್ರವ ಹರಿಸುವ ಬ್ರಷ್ಷಿಗೆ ಬರೋಣ. ಅದರೊಳಗೆ ಕಿರಿದಾದ ಕೊಳವೆ ಇರಲೇಬೇಕು. ಆ ಕೊಳವೆ ಯಾವಾಗಲೂ ಒದ್ದೆ. ಅದರೊಳಗೆ ಗಾಳಿಯಾಡುವುದಿಲ್ಲ, ಬೆಳಕು ಬೀಳುವುದಿಲ್ಲ, ನಮ್ಮ ಕಣ್ಣಿಗೂ ಕಾಣುವುದಿಲ್ಲ. ದಂತವೈದ್ಯರ ಕುರ್ಚಿಗೆ ಜೋಡಿಸಿದ ಸಣ್ಣ ನೀರಿನ ಕೊಳವೆಗಳಲ್ಲಿ ಇದೇ ತೊಂದರೆ ಕಂಡುಬಂದಿದೆ. ನೀರು ಹರಿಯುವಾಗ ಕೊಳವೆಯ ನಡುವೆ ವೇಗ ಹೆಚ್ಚು, ಗೋಡೆಗೆ ಅಂಟಿದಂತೆ ಹರಿಯುವ ನೀರಿನ ವೇಗ ತೀರ ಕಡಿಮೆ. ಆದ್ದರಿಂದ ಸೂಕ್ಷ್ಮಜೀವಿಗಳು ಒಳಗೋಡೆಗೆ ಅಂಟಿಕೊಂಡು ಲೋಳೆಯಂಥ ಪದರ ಕಟ್ಟುತ್ತವೆ. ಇದಕ್ಕೆ ಜೈವಿಕ ಪದರ ಎನ್ನುತ್ತಾರೆ. ಕೆರೆಯ ಮೆಟ್ಟಿಲಿನ ಪಾಚಿಯಂತೆ ಇದು ಬರೀ ನೀರು ಹರಿಸಿದರೆ ಹೋಗದು. ಅದಕ್ಕಾಗಿಯೇ ದಂತವೈದ್ಯರು ಆ ಕೊಳವೆಗಳನ್ನು ಔಷಧಿ ಹಾಕಿ ಶುಚಿ ಮಾಡಬೇಕಾಗುತ್ತದೆ. ನಮ್ಮ ಬ್ರಷ್ಷಿನ ಹಿಡಿಯೊಳಗಿನ ಕೊಳವೆಯನ್ನು ಯಾರು ಶುಚಿ ಮಾಡುವರು? ಬಿಚ್ಚಿ ತೊಳೆದು ಒಣಗಿಸಲು ಬಾರದ ಕೊಳವೆಯಿದ್ದರೆ, ಹೊರಗಿನ ಕೊಳೆಯನ್ನು ಒಳಗೆ ಬಚ್ಚಿಟ್ಟಂತೆ ಆಗುತ್ತದೆ ಅಷ್ಟೇ.

ಹಾಗಾದರೆ ಇಂಥ ಬ್ರಷ್ ಬೇಡವೇ? ಹಾಗೆನ್ನಲಾರೆ. ನಿಮ್ಮ ಊರಿನಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ಅಜ್ಜನೋ ಅಜ್ಜಿಯೋ ಇರಬಹುದು. ಅವರಿಗೆ ಎದ್ದು ಕೂತು ಬಾಯಿ ಮುಕ್ಕಳಿಸಿ ಉಗುಳಲು ಆಗುವುದಿಲ್ಲ. ಅವರ ಬಾಯಿಯ ಸೂಕ್ಷ್ಮಜೀವಿಗಳು ಎಂಜಲಿನೊಂದಿಗೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ಇಂಥವರಿಗಾಗಿಯೇ ಆಸ್ಪತ್ರೆಗಳಲ್ಲಿ, ಹಲ್ಲುಜ್ಜುತ್ತಲೇ ಬಾಯಿಯ ನೀರನ್ನು ಕೊಳವೆಯಿಂದ ಹೀರಿಕೊಳ್ಳುವ ಬ್ರಷ್ಷುಗಳನ್ನು ಬಳಸುತ್ತಾರೆ. ಅಲ್ಲಿ ಕೊಳವೆಯಿರುವುದು ಅಂದಕ್ಕಲ್ಲ, ಒಂದು ಜೀವದ ರಕ್ಷಣೆಗೆ. ವಿನ್ಯಾಸಕಾರರ ಜಾಣತನ ಇಂಥ ಕಡೆ ಮೊದಲು ಖರ್ಚಾಗಬೇಕು. ಕೈಕಾಲು ಗಟ್ಟಿಯಿರುವ ನಮಗೆ ಪೇಸ್ಟ್ ಹಚ್ಚಿಕೊಳ್ಳುವುದು ಒಂದು ಕಷ್ಟವೇ?

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೈ ಎತ್ತಬಹುದು. “ನಮ್ಮ ತಾತ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಾರೆ. ಅದರಲ್ಲಿ ರಸವೂ ಬರುತ್ತದೆ, ದಿನವೂ ಹೊಸ ಎಳೆ!” ನಿಜ, ಇದು ಜಾಣ ಮಾತು. ಅಗಿದರೆ ಕಡ್ಡಿಯ ತುದಿ ಎಳೆಯಾಗುತ್ತದೆ, ರಸ ಒಳಗಿನಿಂದಲೇ ಬರುತ್ತದೆ, ಬಳಸಿ ಎಸೆಯುವುದರಿಂದ ಕೊಳೆ ಉಳಿಯುವ ಮಾತೇ ಇಲ್ಲ. ಆದರೆ ಕಡ್ಡಿಗೆ ಮಿತಿಯೂ ಇದೆ. ಹಿಂದಿನ ದವಡೆಹಲ್ಲುಗಳ ಒಳಬದಿಗೆ ಅದು ಸುಲಭವಾಗಿ ತಲುಪದು. ಒರಟಾಗಿ ಉಜ್ಜಿದರೆ ವಸಡಿಗೆ ಗಾಯವಾಗುತ್ತದೆ. ಹುಳುಕು ತಡೆಯಲು ಪೇಸ್ಟಿನಲ್ಲಿರುವ ಫ್ಲೋರೈಡ್ ನೆರವಾಗುವಂತೆ ಕಡ್ಡಿ ನೆರವಾಗದು. ಹಳೆಯದು ಎಂದು ಎಸೆಯುವುದೂ ಬೇಡ, ಹಳೆಯದು ಎಂದೇ ಹೊಗಳುವುದೂ ಬೇಡ.

ಬ್ರಷ್ಷನ್ನು ನೇರಳಾತೀತ ಬೆಳಕಿನಲ್ಲಿಟ್ಟು ಶುಚಿ ಮಾಡುವ ಪೆಟ್ಟಿಗೆಗಳೂ ಅಂಗಡಿಗಳಲ್ಲಿವೆ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ನೀವು ಓದಿದ್ದೀರಿ. ಎಳೆಗಳ ನೆರಳು ಬಿದ್ದ ಬುಡಕ್ಕೆ ಆ ಬೆಳಕು ಎಷ್ಟು ತಲುಪೀತು? ನೀವೇ ಯೋಚಿಸಿ.

ಹೆದರಬೇಕಾಗಿಲ್ಲ. ಆರೋಗ್ಯವಂತರಿಗೆ ಅವರದೇ ಬ್ರಷ್ಷಿನಿಂದ ಕಾಯಿಲೆ ಬರುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ. ಆದರೂ ದಂತವೈದ್ಯರ ಸಲಹೆ ಸರಳವಾಗಿದೆ, ಖರ್ಚಿಲ್ಲದ್ದು. ಉಜ್ಜಿದ ಮೇಲೆ ಬ್ರಷ್ಷನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಎಳೆಗಳು ಮೇಲಕ್ಕಿರುವಂತೆ ಗಾಳಿಯಾಡುವ ಕಡೆ ನಿಲ್ಲಿಸಿ. ದಿನವೂ ಮುಚ್ಚಿಡಬೇಡಿ. ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಬಳಸಬೇಡಿ. 3-4 ತಿಂಗಳಿಗೊಮ್ಮೆ, ಎಳೆಗಳು ಬಾಗಿದ್ದರೆ ಅದಕ್ಕೂ ಮೊದಲೇ, ಬದಲಾಯಿಸಿ.

ಮಾತು ನಂಬುವುದಕ್ಕಿಂತ ಪರೀಕ್ಷೆ ಮಾಡಿ ನೋಡುವುದು ಮೇಲು. ಒಂದೇ ಬಗೆಯ ಎರಡು ಬ್ರಷ್ಷುಗಳನ್ನು ಬೆಳಿಗ್ಗೆ ನೀರಿನಲ್ಲಿ ಅದ್ದಿ ಕೊಡವಿ. ಒಂದನ್ನು ತೆರೆದ ಕಡೆ ನಿಲ್ಲಿಸಿ, ಇನ್ನೊಂದನ್ನು ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿಡಿ. ಸಂಜೆ ಎರಡನ್ನೂ ಒಣ ಕಾಗದದ ಮೇಲೆ ಒತ್ತಿ. ಯಾವುದು ಒದ್ದೆ ಗುರುತು ಬಿಟ್ಟಿತು? ಪುಸ್ತಕದಲ್ಲಿ ಬರೆದಿಡಿ.

ವಿದ್ಯಾರ್ಥಿ ನಿಲಯಗಳಲ್ಲಿರುವ ಮಕ್ಕಳೇ, ನಿಮಗೊಂದು ವಿಶೇಷ ಮಾತು. ಹತ್ತಾರು ಬ್ರಷ್ಷುಗಳು ಒಂದೇ ಮಗ್ಗಿನಲ್ಲಿ ತಲೆಗೆ ತಲೆ ತಾಗಿಸಿ ನಿಂತಿದ್ದರೆ ಒಬ್ಬರ ಬಾಯಿಯದು ಇನ್ನೊಬ್ಬರ ಬ್ರಷ್ಷಿಗೆ ಹೋಗುತ್ತದೆ. ಒಂದು ಹಲಗೆ ತಂದು, ಹಿಡಿ ತೂರುವಷ್ಟು ರಂಧ್ರಗಳನ್ನು 5 ಸೆಂಟಿಮೀಟರ್ ಅಂತರದಲ್ಲಿ ದೊಡ್ಡವರಿಂದ ಕೊರೆಸಿ. ಒಂದೊಂದರ ಪಕ್ಕ ಒಬ್ಬೊಬ್ಬರ ಹೆಸರು ಬರೆಯಿರಿ. ಶೌಚಾಲಯದಿಂದ ದೂರ, ಕಿಟಕಿಯ ಹತ್ತಿರ ತೂಗುಹಾಕಿ. ಯಾವ ಪೇಟೆಂಟೂ ಇಲ್ಲದ ಈ ಹಲಗೆ, ಗುಂಡಿ ಒತ್ತುವ ಬ್ರಷ್ಷಿಗಿಂತ ನಿಮಗೆ ಹೆಚ್ಚು ಉಪಕಾರಿ ಎಂದು ನಾನು ನಂಬುತ್ತೇನೆ.

ಮುಂದೆ ನಿಮ್ಮಲ್ಲೊಬ್ಬರು ಬ್ರಷ್ ವಿನ್ಯಾಸಕಾರರಾಗಬಹುದು. ಆಗ ಹಾಸಿಗೆ ಹಿಡಿದ ಆ ಅಜ್ಜಿಯನ್ನು ನೆನೆದು, ಬಿಚ್ಚಿ ತೊಳೆಯಲು ಬರುವ, ಬೇಗ ಒಣಗುವ, ಬಡವರ ಕೈಗೆಟುಕುವ ಬ್ರಷ್ಷನ್ನು ಮಾಡಿ. ಅಲ್ಲಿಯವರೆಗೆ, ನಾಳೆ ಬೆಳಿಗ್ಗೆ ಬ್ರಷ್ಷನ್ನು ತೊಳೆದು, ಕೊಡವಿ, ನೆಟ್ಟಗೆ ನಿಲ್ಲಿಸಲು ಮರೆಯಬೇಡಿ.