ಸೈಕಲ್ ಪ್ರವಾಸದಲ್ಲಿ ಕೈ ಜೋಮು: ಮೆತ್ತನೆಯ ಹಿಡಿ ಹಾಕಿಸಿದರೆ ಸಾಕೇ?

ಸೈಕಲ್‌ನಲ್ಲಿ ದೂರದ ಪ್ರವಾಸ ಮಾಡಿ ಬಂದವರು ಕಾಲುನೋವಿನ ಜೊತೆಗೆ ಹೇಳಿಕೊಳ್ಳುವ ಇನ್ನೊಂದು ತೊಂದರೆ ಕೈ ಜೋಮು. ಕಿರುಬೆರಳು, ಉಂಗುರ ಬೆರಳು ಮರಗಟ್ಟುತ್ತವೆ. ಕೆಲವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗುತ್ತದೆ. ಆಗ ಸಿಗುವ ಸಾಮಾನ್ಯ ಸಲಹೆ: ‘ಹ್ಯಾಂಡಲ್‌ಗೆ ದಪ್ಪ ಸ್ಪಂಜಿನ ಹಿಡಿ ಹಾಕಿಸಿ’. ಈ ಸಲಹೆಯಲ್ಲಿ ಎಷ್ಟು ಹುರುಳಿದೆ ಎಂದು ನೋಡೋಣ.

ಜೋಮು ಹಿಡಿಯುವುದು ಏಕೆ?

ಮೊಣಕೈ ಗೋಡೆಗೆ ತಗುಲಿದಾಗ ಕರೆಂಟ್ ಹೊಡೆದಂತಾಗುತ್ತದಲ್ಲ, ಅದಕ್ಕೆ ಕಾರಣ ಅಲ್ನಾರ್ ಎಂಬ ನರ. ಇದೇ ನರ ಮಣಿಕಟ್ಟಿನ ಬಳಿ, ಕಿರುಬೆರಳಿನ ಬದಿಯಲ್ಲಿರುವ ಕಿರಿದಾದ ದಾರಿಯಲ್ಲಿ ಅಂಗೈ ಸೇರುತ್ತದೆ. ಫ್ರಾನ್ಸಿನ ವೈದ್ಯ ಫೆಲಿಕ್ಸ್ ಗ್ಯುಯೋನ್ 1861ರಲ್ಲಿ ವಿವರಿಸಿದ ಈ ದಾರಿಗೆ ಅವರದೇ ಹೆಸರಿದೆ. ಮುಂದಕ್ಕೆ ಬಾಗಿ ಹ್ಯಾಂಡಲ್ ಮೇಲೆ ಭಾರ ಹಾಕಿದಾಗ ಒತ್ತಡ ಬೀಳುವುದು ಇಲ್ಲಿಗೇ. ಗಂಟೆಗಟ್ಟಲೆ ಒತ್ತಿದರೆ ಮೊದಲು ಜೋಮು, ಆಮೇಲೆ ಬೆರಳುಗಳಲ್ಲಿ ಬಲಹೀನತೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಒತ್ತಡ ಬಿದ್ದಿರುವುದು ಮೀಡಿಯನ್ ಎಂಬ ಇನ್ನೊಂದು ನರದ ಮೇಲೆ. ಮಣಿಕಟ್ಟು ಬಾಗಿಸಿಯೇ ಹಿಡಿಯುವವರಲ್ಲಿ ಇದು ಕಾಣಿಸಬಹುದು.

ಮೆತ್ತನೆಯ ಹಿಡಿ ರಸ್ತೆಯ ಅದುರಾಟವನ್ನು ತಗ್ಗಿಸುತ್ತದೆ, ಒತ್ತಡವನ್ನು ಸ್ವಲ್ಪ ಹರಡುತ್ತದೆ. ಅಷ್ಟು ಮಾತ್ರ ನಿಜ. ಆದರೆ ಕೈ ಇಟ್ಟ ಜಾಗ ಬದಲಾಗದಿದ್ದರೆ ಒತ್ತಡ ಬೀಳುವುದು ಅದೇ ನರದ ಮೇಲೆ. ಬ್ರೆವೆ ಎಂಬ ದೂರದ ಸೈಕಲ್ ಸವಾರಿಯಲ್ಲಿ 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ ಕಾಲಾವಕಾಶವಿರುತ್ತದೆ. ಅಷ್ಟು ಹೊತ್ತು ಎಂಥ ಮೆತ್ತೆಯ ಮೇಲಾದರೂ ಒಂದೇ ಭಂಗಿಯಲ್ಲಿ ಕೂರಲಾದೀತೇ? ಕೈಯ ಕಥೆಯೂ ಅಷ್ಟೇ. ಹಾಗಾಗಿ ಹ್ಯಾಂಡಲ್ ಆರಿಸುವಾಗ ಕೇಳಬೇಕಾದ ಪ್ರಶ್ನೆ: ಇದರಲ್ಲಿ ಎಷ್ಟು ರೀತಿಯಲ್ಲಿ ಕೈ ಇಡಬಹುದು?

ಯಾವುದರಲ್ಲಿ ಏನಿದೆ?

ನೇರ ಹ್ಯಾಂಡಲ್: ಹಿಡಿತ ಚೆನ್ನ, ಆದರೆ ಕೈ ಇಡಲು ಒಂದೇ ಜಾಗ. ತುದಿಗೆ ಕೊಂಬಿನಂಥ ಬಾರ್-ಎಂಡ್ ಜೋಡಿಸಿದರೆ ಎರಡಾಗುತ್ತದೆ.

ಕೆಳಗೆ ಬಾಗಿದ ಡ್ರಾಪ್ ಹ್ಯಾಂಡಲ್: ರೇಸಿನವರಿಗೆ ಮಾತ್ರ ಎಂಬುದು ತಪ್ಪು ಕಲ್ಪನೆ. ಮೇಲಿನ ಅಡ್ಡಪಟ್ಟಿ, ಬ್ರೇಕಿನ ತಲೆ, ಕೆಳಗಿನ ಬಾಗು ಹೀಗೆ ಮೂರು ಜಾಗ ಸಿಗುತ್ತವೆ. ಎದುರುಗಾಳಿಗೆ ತಗ್ಗಿ ಓಡಿಸಲೂಬಹುದು.

ಬಟರ್‌ಫ್ಲೈ ಹ್ಯಾಂಡಲ್: ಚಿಟ್ಟೆಯ ರೆಕ್ಕೆಯಂತೆ ಸುತ್ತಿಕೊಂಡಿರುವ ಇದರಲ್ಲಿಯೂ ಹಲವು ಜಾಗಗಳಿವೆ.

ಹಿಂದಕ್ಕೆ ಬಾಗಿದ ಹ್ಯಾಂಡಲ್: ಹಾಲಿನವರ ಹಳೆಯ ಸೈಕಲ್‌ನಲ್ಲಿ ಕಾಣುವಂಥದ್ದು. ಬೆನ್ನು ನೆಟ್ಟಗಿರುವುದರಿಂದ ಕೈಗೆ ಭಾರ ಕಡಿಮೆ. ಆದರೆ ಆ ಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ, ಗಾಳಿಗೆ ಎದೆಯೊಡ್ಡಬೇಕಾಗುತ್ತದೆ. ಹತ್ತಿರದ ಓಡಾಟಕ್ಕೆ ಒಳ್ಳೆಯದು.

ಕೊಳ್ಳುವ ಮೊದಲು

ಕೆಲವೊಮ್ಮೆ ತಪ್ಪು ಹ್ಯಾಂಡಲ್‌ನದ್ದಾಗಿರುವುದಿಲ್ಲ. ಸೀಟಿನ ಮೂತಿ ಕೆಳಗೆ ವಾಲಿದ್ದರೆ ದೇಹ ಮುಂದಕ್ಕೆ ಜಾರಿ ಭಾರ ಅಂಗೈಗೆ ಬರುತ್ತದೆ. ಮೊದಲು ಸೀಟನ್ನು ಸಮತಟ್ಟಾಗಿಸಿ, ಹ್ಯಾಂಡಲನ್ನು ಹೆಚ್ಚುಕಡಿಮೆ ಸೀಟಿನ ಎತ್ತರಕ್ಕೆ ತಂದು ನೋಡಿ. ಇದಕ್ಕೆ ಹೆಚ್ಚು ಖರ್ಚಿಲ್ಲ.

ಬದಲಿಸಲೇಬೇಕೆಂದರೆ ಅಳತೆ ಗಮನಿಸಿ. ನೇರ ಹ್ಯಾಂಡಲ್‌ನ ಹಿಡಿಯ ಭಾಗ ಸಾಮಾನ್ಯವಾಗಿ 22.2 ಮಿ.ಮೀ. ದಪ್ಪ, ಡ್ರಾಪ್‌ನದು 23.8 ಮಿ.ಮೀ. ಹೀಗಾಗಿ ನೇರದಿಂದ ಡ್ರಾಪ್‌ಗೆ ಹೋದರೆ ಬ್ರೇಕ್, ಗೇರ್ ಲಿವರ್‌ಗಳ ಖರ್ಚೂ ಸೇರುತ್ತದೆ. ಬಟರ್‌ಫ್ಲೈಗೆ ಸಾಮಾನ್ಯವಾಗಿ ಹಳೆಯ ಲಿವರ್‌ಗಳೇ ಸಾಕು. ಡ್ರಾಪ್‌ನ ಅಗಲ ಸುಮಾರು ನಿಮ್ಮ ಭುಜದಷ್ಟಿರಲಿ.

ಯಾವ ಹ್ಯಾಂಡಲ್ ಇದ್ದರೂ ಜೋಮು ಬರುವ ಮೊದಲೇ, ಆಗಾಗ ಕೈಯ ಜಾಗ ಬದಲಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಒತ್ತಡ ತಪ್ಪಿದರೆ ಜೋಮು ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಸವಾರಿ ನಿಲ್ಲಿಸಿ ಕೆಲವು ದಿನಗಳಾದರೂ ಇಳಿಯದಿದ್ದರೆ, ಅಥವಾ ಬೆರಳುಗಳ ಬಲ ಕುಂದಿದರೆ, ಸೈಕಲ್ ಅಂಗಡಿಯ ಬದಲು ವೈದ್ಯರ ಬಳಿ ಹೋಗಿ.