ರಥವುಂಟು, ಸಾರಥಿಯ ವಿದ್ಯೆ?

ಕೃಷ್ಣೆಯ ದಂಡೆಯ ಮೇಲಿರುವ ಉಗಾರದಂಥ ಊರುಗಳಿಗೆ ಹೆಲಿಕಾಪ್ಟರೆಂಬುದು ಎರಡೇ ಋತುಗಳಲ್ಲಿ ಕಾಣಿಸುವ ಹಕ್ಕಿ. ಚುನಾವಣೆಯ ದಿನಗಳಲ್ಲಿ ಅದು ನಾಯಕರನ್ನು ಇಳಿಸಲು ಬರುತ್ತದೆ; ಶ್ರಾವಣದ ನೆರೆಯಲ್ಲಿ ನೀರಿನ ನಡುವೆ ಸಿಕ್ಕವರನ್ನು ಎತ್ತಿಕೊಳ್ಳಲು ಬರುತ್ತದೆ. ಕೆಳಗೆ ನಿಂತು ಕತ್ತೆತ್ತಿ ನೋಡುವ ನಮಗೆ ಎರಡೂ ಒಂದೇ ಯಂತ್ರ, ಒಂದೇ ಸದ್ದು, ಒಂದೇ ಧೂಳು. ಆದರೆ ಒಳಗೆ ಕುಳಿತ ಚಾಲಕನಿಗೆ ಅವು ಎರಡು ಬೇರೆ ಬೇರೆ ವಿದ್ಯೆಗಳು. ಸಮತಟ್ಟಾದ ಶಾಲೆಯ ಬಯಲಿನಲ್ಲಿ, ಸುಣ್ಣದ ಗೆರೆಯ ನಡುವೆ, ಹಗಲು ಹೊತ್ತಿನಲ್ಲಿ ಇಳಿಯುವವನು ಹರಿಯುವ ನೀರಿನ ಮೇಲೆ, ಹಂಚಿನ ಮಾಡಿನ ನೆತ್ತಿಯಲ್ಲಿ, ವಿದ್ಯುತ್ತಿನ ತಂತಿಗಳ ನಡುವೆ ಅಲುಗದೆ ನಿಂತು ಹಗ್ಗ ಇಳಿಬಿಡಲು ಬಲ್ಲನೆಂದು ಹೇಳಲಾಗದು. ಈ ಭೇದವನ್ನು ನಮ್ಮ ಸಾರ್ವಜನಿಕ ಚರ್ಚೆ ಇನ್ನೂ ಮನಗಂಡಿಲ್ಲ. ಯಂತ್ರ ಎಷ್ಟು ಬಂದವೆಂದು ಎಣಿಸುತ್ತೇವೆ. ಅದನ್ನು ನಡೆಸುವವನು ಏನು ಕಲಿತು ಬಂದನೆಂದು ಕೇಳುವುದಿಲ್ಲ.

ಇದು ಕೇಳಲೇಬೇಕಾದ ಪ್ರಶ್ನೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ಬೆಳಗಾವಿ ಜಿಲ್ಲೆಯ ನದೀತೀರದ ತಾಲೂಕುಗಳನ್ನು ಮುಳುಗಿಸಿದ್ದನ್ನು ಈ ಭಾಗದವರು ಮರೆಯಲಾರರು. ಸೇತುವೆಗಳು ನೀರಿನಡಿ ಹೋದ ಮೇಲೆ ಊರೂರು ದ್ವೀಪವಾಗುತ್ತದೆ. ಆಗ ದೋಣಿಗೆ ಸೆಳವಿನ ಭಯ, ಲಾರಿಗೆ ಹಾದಿಯಿಲ್ಲ, ಉಳಿಯುವುದು ಆಕಾಶಮಾರ್ಗವೊಂದೇ. ಅದೇ ತಿಂಗಳು ಗಂಗಾವತಿಯ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ತುಂಗಭದ್ರೆಯ ನಡುವೆ ಸಿಕ್ಕವರನ್ನು ತರಲು ಹೋದ ರಕ್ಷಣಾ ದೋಣಿಯೇ ಮಗುಚಿತು. ಕಡೆಗೆ ಹೆಲಿಕಾಪ್ಟರಿನ ಮೊರೆ ಹೊಗಬೇಕಾಯಿತು. ೨೦೨೧ರಲ್ಲಿ ಕೃಷ್ಣೆ ಮತ್ತೆ ಉಕ್ಕಿದಳು. ಮುಂದೆಯೂ ಉಕ್ಕುವಳು. ಆದುದರಿಂದ ಸಾರಥಿಯ ವಿದ್ಯೆ ನಮ್ಮ ಪಾಲಿಗೆ ದೂರದ ಕುತೂಹಲವಲ್ಲ.

ಮೊದಲು ಈ ವಿದ್ಯೆಯ ಸ್ವರೂಪವನ್ನು ತುಸು ನೋಡೋಣ. ರೆಕ್ಕೆಯ ವಿಮಾನಕ್ಕೆ ಒಮ್ಮೆ ವೇಗ ಬಂದಿತೆಂದರೆ ಅದು ತನ್ನ ಸಮತೋಲವನ್ನು ಬಹುಮಟ್ಟಿಗೆ ತಾನೇ ಕಾಯ್ದುಕೊಳ್ಳುತ್ತದೆ. ಹೆಲಿಕಾಪ್ಟರು ಹಾಗಲ್ಲ, ಅದು ಕ್ಷಣಕ್ಷಣವೂ ಒಲಿಸಿಕೊಳ್ಳಬೇಕಾದ ಪ್ರಾಣಿ. ಎಡಗೈಯ ಸನ್ನೆಯಿಂದ ಏರಿಳಿತ, ಬಲಗೈಯ ದಂಡದಿಂದ ಹಿಂದುಮುಂದು ಹಾಗೂ ಪಕ್ಕದ ಓಲುವಿಕೆ, ಕಾಲಿನ ತುಳಿಹಲಗೆಗಳಿಂದ ಬಾಲದ ತಿರುಗು: ಇವುಗಳಲ್ಲಿ ಒಂದನ್ನು ಅಲುಗಿಸಿದರೆ ಉಳಿದೆರಡನ್ನೂ ಸರಿಪಡಿಸಬೇಕು. ನೆಲಕ್ಕೆ ನೇರವಾಗಿ, ಅವಸರದಿಂದ ಇಳಿಯಹೊರಟರೆ ಅದು ತಾನೇ ಕೆಳಗೆ ನೂಕಿದ ಗಾಳಿಯ ಸುಳಿಯಲ್ಲಿ ಸಿಕ್ಕಿ ಕುಸಿಯುತ್ತದೆ. ಕೃಷ್ಣೆಯ ಸುಳಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ನು ನಿಂತರೆ, ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ಮೇಲಿನ ಅಲಗುಗಳನ್ನು ತಿರುಗಿಸಿಕೊಂಡು, ಕಡೆಯ ಕ್ಷಣದಲ್ಲಿ ಆ ತಿರುಗುವಿಕೆಯ ಬಲವನ್ನು ಖರ್ಚುಮಾಡಿ ಮೆಲ್ಲನೆ ನೆಲ ಮುಟ್ಟುವ ಉಪಾಯವೊಂದುಂಟು. ೧೯೭೨ರಲ್ಲಿ ಫ್ರಾನ್ಸಿನ ಜಾನ್ ಬೂಲೆ ಎಂಬಾತನು ‘ಲಾಮಾ’ ಹೆಲಿಕಾಪ್ಟರನ್ನು ೧೨,೪೪೨ ಮೀಟರ್ ಎತ್ತರಕ್ಕೆ ಒಯ್ದು ದಾಖಲೆ ಮಾಡಿದನು. ಅಲ್ಲಿ ಎಂಜಿನ್ನು ಆರಿಹೋಗಲು ಇದೇ ಉಪಾಯದಿಂದ ಕ್ಷೇಮವಾಗಿ ನೆಲಕ್ಕಿಳಿದನು. ಆ ಲಾಮಾವೇ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ‘ಚೀತಾ’ ಎಂಬ ಹೆಸರಿನಿಂದ ತಯಾರಾಗಿ ಸಿಯಾಚಿನ್ನಿನ ಹಿಮದಲ್ಲಿ ನಮ್ಮ ಸೈನಿಕರಿಗೆ ಆಸರೆಯಾಯಿತು.

ಇಷ್ಟನ್ನು ಕಲಿತವನಿಗೆ ದೊರೆಯುವುದು ಮೊದಲ ಪರವಾನೆ ಮಾತ್ರ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ವಿಧಿಸಿರುವ ಸಾಮಾನ್ಯ ಮಟ್ಟದಂತೆ ವೃತ್ತಿಪರ ಹೆಲಿಕಾಪ್ಟರ್ ಚಾಲಕನಿಗೆ ೧೮ ವರ್ಷ ತುಂಬಿರಬೇಕು, ೧೫೦ ಗಂಟೆಗಳ ಹಾರಾಟವಾಗಿರಬೇಕು. ಅಂಗೀಕೃತ ಶಾಲೆಯಲ್ಲಿ ಕ್ರಮವಾಗಿ ಕಲಿತಿದ್ದರೆ ೧೦೦ ಗಂಟೆ ಸಾಕು. ಅತ್ಯುಚ್ಚ ಪರವಾನೆಗೆ ೨೧ ವರ್ಷ, ೧೦೦೦ ಗಂಟೆ. ಇವುಗಳ ನಡುವೆ ಎಷ್ಟೋ ಮೆಟ್ಟಿಲುಗಳಿವೆ. ಒಂದೊಂದು ಮಾದರಿಯ ಯಂತ್ರಕ್ಕೂ ಬೇರೆ ಅರ್ಹತೆ. ಹೊರಗಣ ನೋಟವಿಲ್ಲದೆ ಉಪಕರಣಗಳನ್ನಷ್ಟೇ ನಂಬಿ ಹಾರಲು ಬೇರೆ ಅರ್ಹತೆ. ಕಲಿಸುವ ಗುರುವಾಗಲು ಮತ್ತೊಂದು. ಯೂರೋಪಿನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಹಗ್ಗದಿಂದ ಜನರನ್ನು ಎತ್ತುವುದಕ್ಕೆ, ರೋಗಿಗಳನ್ನು ಸಾಗಿಸುವುದಕ್ಕೆ, ರಾತ್ರಿದೃಷ್ಟಿಯ ಕನ್ನಡಕ ಧರಿಸಿ ಹಾರುವುದಕ್ಕೆ ಅಲ್ಲಿ ಪ್ರತ್ಯೇಕ ಅನುಮತಿ, ಪ್ರತ್ಯೇಕ ತರಬೇತು.

ನಮ್ಮ ವಾಯುಪಡೆಯ ಪದ್ಧತಿ ಇನ್ನೂ ಕಟ್ಟುನಿಟ್ಟಿನದು. ಚಾಲಕರನ್ನು ಪರೀಕ್ಷಿಸಿ ದರ್ಜೆ ಕೊಡಲು ಅಲ್ಲಿ ಬೇರೆಯೇ ಒಂದು ಪರೀಕ್ಷಕ ಮಂಡಲಿಯುಂಟು. ಮೋಡದಲ್ಲಿ ಹಾರುವ ಯೋಗ್ಯತೆಗೆ ಬಿಳಿಯ ಚೀಟಿ, ಹಸಿರು ಚೀಟಿ ಎಂಬ ಮೆಟ್ಟಿಲುಗಳುಂಟು. ಕೊಟ್ಟ ದರ್ಜೆ ಶಾಶ್ವತವಲ್ಲ. ಮತ್ತೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ನಾನು ಕನ್ನಡ ಎಂ.ಎ. ಪದವಿ ಪಡೆದು ಇಪ್ಪತ್ತು ವರ್ಷಕ್ಕೆ ಸಮೀಪವಾಯಿತು. ಇಂದಿಗೂ ಪಂಪ ರನ್ನರು ನನ್ನ ನೆನಪಿನಲ್ಲಿ ಉಳಿದಿದ್ದಾರೆಯೇ ಎಂದು ಯಾವ ಪರೀಕ್ಷಕರೂ ಬಂದು ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ, ಛಂದಸ್ಸು ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ಆಕಾಶದಲ್ಲಿ ಮರೆವಿಗೆ ಅಂಥ ಕ್ಷಮೆಯಿಲ್ಲ.

ಕ್ಷಮೆಯಿಲ್ಲವೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ೨೦೦೯ರ ಸೆಪ್ಟೆಂಬರ್ ೨ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ಮಳೆಮೋಡಗಳ ನಡುವೆ ನಲ್ಲಮಲದ ಕಾಡಿನಲ್ಲಿ ಬಿದ್ದಿತು. ೨೦೨೧ರ ಡಿಸೆಂಬರ್ ೮ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತರಿದ್ದ ಮಿ-೧೭ ನೆಲಕ್ಕಪ್ಪಳಿಸಿತು. ಹವೆ ಅನಿರೀಕ್ಷಿತವಾಗಿ ಬದಲಾಗಿ ಯಂತ್ರ ಮೋಡದೊಳಗೆ ಹೊಕ್ಕದ್ದರಿಂದ ಚಾಲಕನಿಗೆ ದಿಗ್ಭ್ರಮೆಯುಂಟಾಯಿತೆಂದು ವಿಚಾರಣಾ ಮಂಡಲಿ ಕಂಡುಕೊಂಡಿತು. ಯಂತ್ರದಲ್ಲಿ ದೋಷವಿರಲಿಲ್ಲ, ನಡೆಸುವವರು ನುರಿತವರೇ ಆಗಿದ್ದರು. ಹೀಗಿದ್ದೂ ಮೋಡವು ಮನುಷ್ಯನ ಕಿವಿಯೊಳಗಿನ ಸಮತೋಲದ ಅರಿವನ್ನು ಮೋಸಗೊಳಿಸಬಲ್ಲುದು. ಬಾಗಿದ್ದೇವೆಂದು ದೇಹ ಹೇಳುತ್ತದೆ, ಇಲ್ಲವೆಂದು ಉಪಕರಣ ಹೇಳುತ್ತದೆ. ದೇಹದ ಮಾತನ್ನು ತಳ್ಳಿಹಾಕಿ ಉಪಕರಣವನ್ನು ನಂಬುವುದು ಸ್ವಭಾವದಿಂದ ಬರುವ ಗುಣವಲ್ಲ; ಸತತಾಭ್ಯಾಸದಿಂದ ಬರಬೇಕಾದ ಸಂಸ್ಕಾರ.

ಹಿಮಾಲಯದ ಯಾತ್ರಾಸ್ಥಳಗಳ ಕಥೆ ಇನ್ನೂ ನೋವಿನದು. ಕೇದಾರವು ಸುಮಾರು ೩,೫೮೦ ಮೀಟರ್ ಎತ್ತರದಲ್ಲಿದೆ; ಅಲ್ಲಿ ಗಾಳಿ ತೆಳು, ಎಂಜಿನ್ನಿನ ಬಲ ಕಡಿಮೆ, ಕಣಿವೆಯಲ್ಲಿ ಮಂಜು ಗಳಿಗೆಯೊಳಗೆ ತುಂಬುತ್ತದೆ. ೨೦೧೩ರ ಜೂನ್ ೨೫ರಂದು ನೆರೆಸಂತ್ರಸ್ತರ ರಕ್ಷಣೆಯಲ್ಲಿ ತೊಡಗಿದ್ದ ವಾಯುಪಡೆಯ ಹೆಲಿಕಾಪ್ಟರೊಂದು ಗೌರೀಕುಂಡದ ಬಳಿ ಬಿದ್ದು ೨೦ ಜನ ಮಡಿದರು. ೨೦೨೨ರ ಅಕ್ಟೋಬರಿನಲ್ಲಿ ಕೇದಾರದ ಸಮೀಪ ಏಳು ಜನ. ೨೦೨೫ರ ಮೇ ತಿಂಗಳಲ್ಲಿ ಉತ್ತರಕಾಶಿಯಲ್ಲಿ ಆರು ಜನ. ಅದೇ ಜೂನ್ ೧೫ರಂದು ಗೌರೀಕುಂಡದ ಬಳಿ, ಒಂದು ಎಳೆಗೂಸೂ ಸೇರಿದಂತೆ, ಏಳು ಜನ. ಗುಡ್ಡಗಾಡಿನ ಹಾರಾಟಕ್ಕೆ ನಮ್ಮಲ್ಲಿ ಕಟ್ಟಳೆಗಳೇ ಇಲ್ಲವೆಂದಲ್ಲ. ಅನುಭವದ ಗಂಟೆಗಳನ್ನು ಕೇಳುವ ನಿಯಮಗಳಿವೆ. ಆದರೆ ಗಂಟೆಗಳ ಎಣಿಕೆ ಬೇರೆ, ವಿದ್ಯೆಯ ಪರೀಕ್ಷೆ ಬೇರೆ ಎಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಹಾಜರಿ ತುಂಬಿದ ಮಾತ್ರಕ್ಕೆ ಹುಡುಗ ಪಾಠ ಕಲಿತನೆಂದು ಯಾವ ಅಧ್ಯಾಪಕನೂ ಒಪ್ಪುವುದಿಲ್ಲ.

ವಿದ್ಯೆ ಕೈಗೂಡಿದಾಗ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. ೨೦೧೮ರ ಆಗಸ್ಟ್ ೧೭ರಂದು ಕೇರಳದ ನೆರೆಯಲ್ಲಿ ನೌಕಾಪಡೆಯವರು ಮೊದಲು ವೈದ್ಯರನ್ನು ಹಗ್ಗದಿಂದ ಇಳಿಸಿ, ತುಂಬುಗರ್ಭಿಣಿಯೊಬ್ಬಳನ್ನು ಮೇಲೆತ್ತಿದರು. ಆಕೆ ಅಂದೇ ಕೊಚ್ಚಿಯಲ್ಲಿ ಮಗುವನ್ನು ಹೆತ್ತಳು. ೨೦೨೨ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಂಡೆಯಿಂದ ಜಾರಿ ಸುಮಾರು ೩೦೦ ಅಡಿ ಕೆಳಗೆ ಸಿಕ್ಕಿಬಿದ್ದ ಹತ್ತೊಂಬತ್ತರ ತರುಣನನ್ನು ವಾಯುಪಡೆಯ ಮಿ-೧೭ ಎತ್ತಿತು. ಇಂಥ ಹೊತ್ತಿನಲ್ಲಿ ಚಾಲಕನಿಗೆ ತನ್ನ ಕೆಳಗಿರುವವನು ಕಾಣುವುದಿಲ್ಲ. ಬಾಗಿಲಲ್ಲಿ ಮಂಡಿಯೂರಿದ ಸಹಾಯಕನು ‘ಮುಂದೆ ಎರಡಡಿ, ಬಲಕ್ಕೆ ಒಂದಡಿ’ ಎಂದು ಹೇಳುತ್ತಾನೆ. ಆ ದನಿಯನ್ನು ನಂಬಿ ಚಾಲಕನು ಯಂತ್ರವನ್ನು ಅಲುಗಿಸಬೇಕು. ಆದುದರಿಂದ ಇದು ಒಬ್ಬನ ವಿದ್ಯೆಯಲ್ಲ, ಒಂದು ಬಳಗದ ವಿದ್ಯೆ. ಒಟ್ಟಿಗೆ ಅಭ್ಯಾಸ ಮಾಡದವರನ್ನು ವಿಪತ್ತಿನ ದಿನ ಒಟ್ಟುಗೂಡಿಸಿದರೆ ಅದು ಕೈಗೂಡದು.

ಈಗ ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಹೆಲಿಕಾಪ್ಟರಿನ ಮಟ್ಟಿಗೆ ಕರ್ನಾಟಕಕ್ಕಿರುವ ಭಾಗ್ಯ ಭಾರತದ ಇನ್ನಾವ ರಾಜ್ಯಕ್ಕೂ ಇಲ್ಲವೆನ್ನಬಹುದು. ಅರುವತ್ತರ ದಶಕದಿಂದ ‘ಚೇತಕ್’ ಬೆಂಗಳೂರಿನಲ್ಲಿ ತಯಾರಾಯಿತು. ‘ಧ್ರುವ’ ೧೯೯೨ರ ಆಗಸ್ಟಿನಲ್ಲಿ ಇಲ್ಲಿಯೇ ಮೊದಲು ಹಾರಿತು. ೨೦೨೩ರ ಫೆಬ್ರವರಿ ೬ರಂದು ತುಮಕೂರು ಜಿಲ್ಲೆಯ ಗುಬ್ಬಿಯ ಬಳಿ ದೊಡ್ಡ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ಹೊಸ ಯಂತ್ರಗಳನ್ನು ಪರೀಕ್ಷಿಸಿ ಹಾರಿಸುವವರನ್ನು ತರಬೇತುಗೊಳಿಸುವ ವಾಯುಪಡೆಯ ಶಾಲೆ ಬೆಂಗಳೂರಿನಲ್ಲಿಯೇ ಇದೆ; ಎಚ್.ಎ.ಎಲ್.ನದೇ ಹೆಲಿಕಾಪ್ಟರ್ ಶಿಕ್ಷಣಕೇಂದ್ರವೂ ಅಲ್ಲಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಸೈನ್ಯದಿಂದ ನಿವೃತ್ತರಾದ ಮೇಲೆ ೧೯೯೭ರಲ್ಲಿ ಬಾಡಿಗೆ ಹೆಲಿಕಾಪ್ಟರುಗಳ ಉದ್ಯಮವನ್ನು ಆರಂಭಿಸಿದ್ದು ಬೆಂಗಳೂರಿನಿಂದಲೇ.

ಹೀಗಿದ್ದರೂ, ನಮ್ಮ ಕಾಲೇಜಿನ ಹುಡುಗನೊಬ್ಬನು, ಕಬ್ಬು ಬೆಳೆಯುವ ಒಕ್ಕಲಿಗರ ಮನೆಯವನು, “ಸರ್, ಹೆಲಿಕಾಪ್ಟರ್ ಹಾರಿಸಾಕ ಏನ್ ಓದಬೇಕ್ರಿ?” ಎಂದು ಕೇಳಿದಾಗ ನಾನು ಕೊಡಬಹುದಾಗಿದ್ದ ಉತ್ತರ ಎರಡೇ: ಸೈನ್ಯ ಸೇರು, ಇಲ್ಲವೇ ಸಿರಿವಂತನಾಗು. ನಾಗರಿಕ ಹೆಲಿಕಾಪ್ಟರುಗಳನ್ನು ನಡೆಸುವವರಲ್ಲಿ ಬಹುಮಂದಿ ಸೈನ್ಯದಿಂದ ಬಂದವರು. ಸ್ವಂತ ಖರ್ಚಿನಿಂದ ಕಲಿಯಹೊರಟವನಿಗೆ ಒಂದೊಂದು ಗಂಟೆಯ ಹಾರಾಟಕ್ಕೂ ಇಂಧನದ, ಯಂತ್ರದ ಸವೆತದ, ಗುರುವಿನ ಖರ್ಚು ತಗಲುತ್ತದೆ. ಮೊದಲ ಪರವಾನೆಯ ಖರ್ಚನ್ನೇ ಕಬ್ಬಿನ ಬಿಲ್ಲಿನಿಂದ ತೀರಿಸಲಾಗದು, ಮೇಲಿನ ವಿಶೇಷ ವಿದ್ಯೆಗಳ ಮಾತು ದೂರ. ಹೀಗಾಗಿ ಮೊದಲ ಪರವಾನೆ ಪಡೆದವನು ಸಾಲದ ಭಾರದಿಂದ ಸಿಕ್ಕ ಕೆಲಸಕ್ಕೆ ಸೇರುತ್ತಾನೆ; ಹವೆ ಸರಿಯಿಲ್ಲದ ದಿನ ‘ಇಂದು ಹಾರಲಾರೆ’ ಎನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಬೇಡವೆನ್ನುವ ಧೈರ್ಯವೂ ಸಾರಥಿಯ ವಿದ್ಯೆಯ ಒಂದು ಅಂಗ.

ನಮ್ಮ ಪ್ರಾಚೀನರು ಈ ಮರ್ಮವನ್ನು ಬಲ್ಲವರಾಗಿದ್ದರು. ನಳನು ಬಾಹುಕನ ವೇಷದಲ್ಲಿ ಋತುಪರ್ಣನ ರಥವನ್ನು ಓಡಿಸಿದ್ದು ಕುದುರೆಗಳ ಬಲದಿಂದಲ್ಲ, ಅಶ್ವಹೃದಯವೆಂಬ ವಿಶೇಷ ವಿದ್ಯೆಯಿಂದ. ವಿರಾಟನ ಮಗ ಉತ್ತರನಿಗೆ ರಥವಿತ್ತು, ಕುದುರೆಗಳಿದ್ದವು, ಬತ್ತಳಿಕೆಯಿತ್ತು, ಸಾರಥಿಯಿರಲಿಲ್ಲ. ಕಾರ್ಖಾನೆಗಳನ್ನು ಕಟ್ಟಿ ಹೆಮ್ಮೆಪಡುವ ನಾವು ಉತ್ತರಕುಮಾರನ ಆ ಸ್ಥಿತಿಯನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ಆಗಬೇಕಾದುದೇನು? ನನಗೆ ತೋರುವುದು ಮೂರು ಮಾತು. ಒಂದು, ಗುಡ್ಡಗಾಡು, ನೆರೆ, ಹಗ್ಗದ ರಕ್ಷಣೆ, ರಾತ್ರಿಯ ಹಾರಾಟ ಇವುಗಳಿಗೆ ಪರವಾನೆಯಲ್ಲಿಯೇ ಪ್ರತ್ಯೇಕ ನಮೂದು ಬೇಕು. ಅದು ಗಂಟೆಗಳ ಲೆಕ್ಕದಿಂದಲ್ಲ, ಪರೀಕ್ಷೆಯಿಂದ ದೊರೆಯಬೇಕು ಮತ್ತು ಕಾಲಕಾಲಕ್ಕೆ ನವೀಕರಣವಾಗಬೇಕು. ಎರಡು, ವೈದ್ಯಕೀಯ ಶಿಕ್ಷಣಕ್ಕೆ ಸರಕಾರಿ ಸೀಟುಗಳಿರುವಂತೆ ಈ ವಿದ್ಯೆಗೂ ರಾಜ್ಯವು ಕೆಲವು ವಿದ್ಯಾರ್ಥಿವೇತನಗಳನ್ನು ಇಡಬೇಕು. ಪಡೆದವರು ನೆರೆಪೀಡಿತ ಜಿಲ್ಲೆಗಳಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಲಿ. ಸ್ವಿಟ್ಜರ್ಲೆಂಡಿನಲ್ಲಿ ೧೯೫೨ರಲ್ಲಿ ಹುಟ್ಟಿದ ವಿಮಾನರಕ್ಷಣಾ ಸಂಸ್ಥೆ ಬಹುಮಟ್ಟಿಗೆ ಜನರು ವರ್ಷವರ್ಷವೂ ಕೊಡುವ ಚಿಕ್ಕ ವಂತಿಗೆಗಳಿಂದ ನಡೆಯುತ್ತಿದೆ, ಮನಸ್ಸಿದ್ದರೆ ದಾರಿಗಳಿವೆ.

ಮೂರನೆಯದು ನಮ್ಮ ಕೈಯಲ್ಲಿಯೇ ಇರುವುದು. ಹೆಲಿಕಾಪ್ಟರಿನ ಕೆಳಗಾಳಿ ಬಿರುಗಾಳಿಗೆ ಸಮ; ಸಡಿಲಾದ ಪತ್ರಾಸಿನ ಹಾಳೆ, ಹೊಲದ ರವದಿ, ಹೊದಿಸಿದ ತಾಡಪತ್ರಿ ಎಲ್ಲವೂ ಮೇಲೆದ್ದು ಅಲಗುಗಳಿಗೆ ಸಿಕ್ಕಬಹುದು. ಅದರ ಬಾಲದ ಸಣ್ಣ ಚಕ್ರ ತಿರುಗುವಾಗ ಕಣ್ಣಿಗೆ ಕಾಣದು; ಹಿಂದಿನಿಂದ ಓಡಿ ಹೋದವನಿಗೆ ಅದು ಮೃತ್ಯು. ಇಳಿಯುವ ಜಾಗದ ಸುತ್ತ ತಂತಿಗಳೆಲ್ಲಿವೆ, ಗಾಳಿ ಎತ್ತಣಿಂದ ಬೀಸುತ್ತಿದೆ, ಯಾರನ್ನು ಮೊದಲು ಕಳಿಸಬೇಕು, ಇವನ್ನು ಮೇಲಿನವನಿಗೆ ತಿಳಿಸಬಲ್ಲ ಹತ್ತು ಜನ ತರುಣ ತರುಣಿಯರು ನದೀತೀರದ ಒಂದೊಂದು ಊರಿನಲ್ಲಿಯೂ ಇರಬೇಕು. ಮಳೆಗಾಲಕ್ಕೆ ಮುನ್ನ ಎರಡು ದಿನದ ಶಿಬಿರದಲ್ಲಿ ಕಲಿಸಬಹುದಾದ ವಿಷಯವಿದು. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಯಾವುದಿದೆ? ಮೇಲಿನ ಸಾರಥಿಯ ವಿದ್ಯೆಗೆ ಕೆಳಗಿನವರ ತಿಳಿವಳಿಕೆ ಕೂಡಿದರೆ ಮಾತ್ರ ಹಗ್ಗದ ತುದಿಯಲ್ಲಿ ತೂಗುವ ಜೀವವು ಕ್ಷೇಮವಾಗಿ ಮೇಲೇರುತ್ತದೆ. ಮೊದಲೆರಡು ಕೆಲಸಗಳಿಗಾಗಿ ನಾವು ದಿಲ್ಲಿಯನ್ನೂ ಬೆಂಗಳೂರನ್ನೂ ಕೇಳುತ್ತಲೇ ಇರೋಣ. ಮೂರನೆಯದನ್ನು ಬರುವ ಮುಂಗಾರಿಗೆ ಮೊದಲೇ ಆರಂಭಿಸಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.