ಅವರೆಕಾಳಿಗೆ ಅಲ್ಲಿ ಬೇರೆ ಹೆಸರು

ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟ ಸೀನಿಯರ್‌ಗಳ ಸೂಟ್‌ಕೇಸ್ ತೆರೆದು ನೋಡಿ. ಅರ್ಧ ಬಟ್ಟೆ, ಇನ್ನರ್ಧ ಕಿರಾಣಿ ಅಂಗಡಿ! ಸಾರಿನ ಪುಡಿ, ಚಟ್ನಿಪುಡಿ, ಹುರಿಗಡಲೆ, ಹಪ್ಪಳ... ‘ಅಲ್ಲಿ ನಮ್ಮ ಸಾಮಾನು ಏನೂ ಸಿಗಲ್ಲ’ ಎಂಬುದು ಅಮ್ಮಂದಿರ ಆತಂಕ. ನನಗನ್ನಿಸುವುದೇ ಬೇರೆ. ಸಾಮಾನು ಬಹಳಷ್ಟು ಅಲ್ಲೂ ಸಿಗುತ್ತದೆ, ಅದರ ಅಲ್ಲಿನ ಹೆಸರು ಮಾತ್ರ ನಮಗೆ ಗೊತ್ತಿರುವುದಿಲ್ಲ.

ಅಲ್ಲಿನ ಇಂಡಿಯನ್ ಸ್ಟೋರ್‌ಗಳಲ್ಲಿ ಪೊಟ್ಟಣಗಳ ಮೇಲೆ ಹೆಚ್ಚಾಗಿ ಕಾಣುವುದು ಇಂಗ್ಲಿಷ್, ಹಿಂದಿ, ಗುಜರಾತಿ ಹೆಸರುಗಳು. ಅವರೆಕಾಳನ್ನು ಹುಡುಕುತ್ತಾ ಹೋದರೆ, ಅದು ಫ್ರೀಜರ್‌ನಲ್ಲಿ ‘ಸೂರತಿ ಪಾಪ್ಡಿ ಲಿಲ್ವಾ’ ಎಂಬ ಹೆಸರಿನಲ್ಲಿ ಕೂತಿರುತ್ತದೆ. ಹುರಿಗಡಲೆ ಗುಜರಾತಿಗಳಿಗೆ ‘ದಾಲಿಯಾ’. ಹಿಂದಿಯವರು ‘ದಲಿಯಾ’ ಎಂದರೆ ಗೋಧಿ ನುಚ್ಚು. ಗೊತ್ತಿಲ್ಲದವರು ತೆಂಗಿನಕಾಯಿ ಚಟ್ನಿಗೆ ನುಚ್ಚು ಹಾಕಿ ರುಬ್ಬಿಯಾರು! ಇನ್ನು ಬೂದುಗುಂಬಳ ಬೇಕೆಂದರೆ ಚೀನೀ ಅಂಗಡಿಯಲ್ಲಿ ‘ವಿಂಟರ್ ಮೆಲನ್’ ಕೇಳಬೇಕು. ನುಗ್ಗೆಸೊಪ್ಪು ಫಿಲಿಪ್ಪೀನ್ಸ್‌ನವರ ಅಂಗಡಿಯಲ್ಲಿ ‘ಮಲುಂಗಾಯ್’. ಹುಣಸೆಹಣ್ಣು ಮೆಕ್ಸಿಕನ್ನರ ಅಂಗಡಿಯಲ್ಲಿ ‘ತಮರಿಂಡೊ’.

ಎಲ್ಲವನ್ನೂ ಊರಿಂದಲೇ ಹೊತ್ತೊಯ್ಯುತ್ತೇವೆ ಎಂದರೆ ಕಾನೂನು ಬಿಡುವುದಿಲ್ಲ. ಹಸಿ ಕರಿಬೇವನ್ನು ಬ್ಯಾಗಿನಲ್ಲಿಟ್ಟು ಅಮೆರಿಕಕ್ಕೆ ಒಯ್ಯುವಂತಿಲ್ಲ. ಕಿತ್ತಳೆ, ನಿಂಬೆ ತೋಟಗಳನ್ನೇ ಹಾಳುಮಾಡುವ ರೋಗವೊಂದನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಗಿಡದಲ್ಲೂ ಬದುಕುತ್ತದೆ. ಫ್ಲೋರಿಡಾದಲ್ಲಿ 2005ರಲ್ಲಿ ಪತ್ತೆಯಾದ ಆ ರೋಗ ಅಲ್ಲಿನ ಕಿತ್ತಳೆ ಬೆಳೆಗಾರರನ್ನು ಕಂಗೆಡಿಸಿದೆ. ಸಿಂಗಪುರ, ಯುಎಇಗಳಲ್ಲಿ ಗಸಗಸೆ ನಿಷೇಧಿತ ವಸ್ತು. ಪಾಯಸದ ಆಸೆಗೆ ಒಂದು ಪೊಟ್ಟಣ ಇಟ್ಟುಕೊಂಡರೂ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳಬಹುದು.

ಗೂಗಲ್ ಇದೆಯಲ್ಲ ಎನ್ನಬಹುದು. ಆದರೆ ಅಲ್ಲಿ ಹುಡುಕಲಿಕ್ಕೂ ಮೊದಲು ಒಂದು ಹೆಸರು ಗೊತ್ತಿರಬೇಕು. ನಮ್ಮ ಹಾಸ್ಟೆಲ್‌ನಲ್ಲಿ, ಅದರಲ್ಲೂ ಹುಡುಗರಲ್ಲಿ, ತೊಗರಿಬೇಳೆ ಯಾವುದು, ಕಡಲೆಬೇಳೆ ಯಾವುದು ಎಂದು ನೋಡಿ ಹೇಳಬಲ್ಲವರೇ ಕಡಿಮೆ. ಕನ್ನಡದ ಹೆಸರೇ ಗೊತ್ತಿಲ್ಲದವರಿಗೆ ಗುಜರಾತಿ ಹೆಸರು ಹೇಗೆ ಸಿಕ್ಕೀತು? ಅಡುಗೆಮನೆಯ ತಿಳಿವಳಿಕೆಯೆಲ್ಲ ಅಮ್ಮಂದಿರಲ್ಲೇ ಉಳಿದುಬಿಟ್ಟಿದೆ. ವಿಡಿಯೊ ಕಾಲ್‌ನಲ್ಲಿ ಅವರು ‘ಒಂದು ಹಿಡಿ ಉದ್ದಿನಬೇಳೆ ಹಾಕು’ ಎಂದರೆ, ಈ ಕಡೆಯವನು ಮೂರು ಡಬ್ಬಿ ಎತ್ತಿ ತೋರಿಸಿ ‘ಇದರಲ್ಲಿ ಯಾವುದಮ್ಮ?’ ಎನ್ನುತ್ತಾನೆ.

ಎಲೆಕ್ಟ್ರಾನಿಕ್ಸ್ ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ನಾವು ಪಾರ್ಟ್ ನಂಬರ್ ಬರೆದುಕೊಳ್ಳದೆ ಹೋಗುವುದಿಲ್ಲ. ಅಡುಗೆ ಸಾಮಾನಿಗೂ ಅಂಥದ್ದೊಂದು ಪಟ್ಟಿ ಬೇಡವೇ? ಕನ್ನಡದಲ್ಲೊಂದು, ಹಿಂದಿಯಲ್ಲೊಂದು, ಇಂಗ್ಲಿಷ್‌ನಲ್ಲೊಂದು ಹೆಸರು, ಪಕ್ಕದಲ್ಲೊಂದು ಫೋಟೊ. ಅಷ್ಟಿದ್ದರೆ ಸಾಕು. ನಮ್ಮ ರಾಜ್ಯದಿಂದ ವಿದೇಶಕ್ಕೆ ಸಾಮಾನು ಕಳಿಸುವ ಕಂಪನಿಗಳೂ ಪೊಟ್ಟಣದ ಮೇಲೆ ಕನ್ನಡದ ಹೆಸರನ್ನು ತಪ್ಪದೆ ಅಚ್ಚು ಹಾಕಲಿ.

ವೀಸಾ ಕೈಗೆ ಬರುವವರೆಗೆ ಹೇಗೂ ಕಾಯಬೇಕು. ಆ ದಿನಗಳಲ್ಲಿ ಅಮ್ಮನ ಜೊತೆ ನಾಲ್ಕು ಸಲ ಕಿರಾಣಿ ಅಂಗಡಿಗೆ ಹೋಗಿಬನ್ನಿ. ಸಾರಿನ ಪುಡಿ ಮೂರು ತಿಂಗಳಿಗೆ ಖಾಲಿಯಾಗುತ್ತದೆ. ಆಮೇಲೆ ಹೊಟ್ಟೆ ತುಂಬಿಸುವುದು ಅಲ್ಲಿ ಕಲಿತದ್ದೇ.